ಬ್ಯಾಟ್‌ಮ್ಯಾನ್ ಕಳ್ದೋದ, ಜೊತೆಗೆ ನಾವೂ ಕಳ್ದೋದ್ವಿ

ಮೊದ್ಲೇ ಹೇಳ್ಬಿಡ್ತೀನಿ, ಈ ಪುಸ್ತಕ ನಾನು ಮೂರ್ ಸಲ ಓದಿದೀನಿ, ಮೂರನೇ ಸಲ ಅಂತೂ ಪಕ್ಕದಲ್ಲಿ ಒಂದು ಹಾಳೆ ಇಟ್ಕೊಂಡು ಯಾರು ಯಾವ ಕಾಲದವ್ರು, ಯಾರು ಯಾರಿಗೆ ತಾತ ಮುತ್ತಾತ ಅಂತೆಲ್ಲ ಬರ್ಕೊಂಡು ಓದಿದ್ದು, ಆದ್ರೂ ಕೊನೇ ಸಂಚಿಕೇಲಿ ಒಂದೆರಡು ಪುಟ ಈಗ್ಲೂ ತಲೆಗೆ ಹತ್ತಿಲ್ಲ. ಪುಸ್ತಕದ ಹೆಸ್ರು 'ಬ್ಯಾಟ್‌ಮ್ಯಾನ್: ದಿ ರಿಟರ್ನ್ ಆಫ್ ಬ್ರೂಸ್ ವೇನ್'. ಅಮೆರಿಕದ ಡಿಸಿ ಕಾಮಿಕ್ಸ್ ಕಂಪನಿದು, ಬರ್ದಿರೋದು ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್. 2010ರಲ್ಲಿ ಆರು ಬಿಡಿ ಸಂಚಿಕೆಗಳಾಗಿ ಬಂತು, ಮಾರನೇ ವರ್ಷ ಎಲ್ಲ ಸೇರಿಸಿ ಒಂದೇ ಪುಸ್ತಕ ಮಾಡಿದ್ರು.

ನಂಗೆ ಸಿಕ್ಕಿದ್ದು ಚರ್ಚ್ ಸ್ಟ್ರೀಟಲ್ಲಿ ಒಂದು ಹಳೇ ಪುಸ್ತಕದಂಗಡೀಲಿ, ಒಳಗಡೆ ಪೆನ್ಸಿಲಲ್ಲಿ 650 ಅಂತ ಬರ್ದಿತ್ತು. ಕೌಂಟರಲ್ಲಿದ್ದ ಹುಡುಗನ್ನ ಕೇಳ್ದೆ, ಇದಕ್ಕೆ ಮುಂಚೆ ಏನಾದ್ರೂ ಓದಿರ್ಬೇಕಾ ಅಂತ. "ಏನೂ ಬೇಡ ಸರ್, ಬ್ಯಾಟ್‌ಮ್ಯಾನ್ ತಾನೇ, ಎಲ್ಲಿಂದ ಬೇಕಾದ್ರೂ ಓದ್ಬೋದು" ಅಂದ. ಇಷ್ಟು ದೊಡ್ಡ ಸುಳ್ಳನ್ನ ಅಷ್ಟು ಸಮಾಧಾನವಾಗಿ ಹೇಳಿದವ್ರನ್ನ ನಾನು ಇತ್ತೀಚೆಗೆ ನೋಡಿರ್ಲಿಲ್ಲ.

ವಿಷ್ಯ ಏನಂದ್ರೆ ಈ ಪುಸ್ತಕ ತೆರೆದ ತಕ್ಷಣ ಬ್ರೂಸ್ ವೇನ್, ಅಂದ್ರೆ ಮುಖವಾಡ ತೆಗೆದ ಬ್ಯಾಟ್‌ಮ್ಯಾನ್, ಒಂದು ಗುಹೆಯಿಂದ ಹೊರಗೆ ಬರ್ತಾನೆ, ಆದಿಮಾನವರ ಕಾಲ, ಅವನಿಗೆ ತನ್ನ ಹೆಸ್ರೇ ನೆನಪಿಲ್ಲ. ಯಾಕೆ ಅಲ್ಲಿದಾನೆ? ಅದನ್ನ ಪುಸ್ತಕ ಕೂರಿಸ್ಕೊಂಡು ಹೇಳಲ್ಲ. ಹೇಳಿರೋದು ಬೇರೆ ಪುಸ್ತಕದಲ್ಲಿ, 'ಫೈನಲ್ ಕ್ರೈಸಿಸ್' ಅಂತ, 2008ರಲ್ಲಿ ಶುರುವಾಗಿ 2009ರಲ್ಲಿ ಮುಗ್ದಿದ್ದು. ಅಲ್ಲಿ ಡಾರ್ಕ್‌ಸೈಡ್ ಅನ್ನೋ ಮಹಾ ಖಳನ ಎದುರು ಬ್ಯಾಟ್‌ಮ್ಯಾನ್, ಜೀವನದಲ್ಲಿ ಗನ್ ಮುಟ್ಟಲ್ಲ ಅಂತ ಶಪಥ ಮಾಡ್ದೋನು, ಒಂದೇ ಒಂದು ಸಲ ಗನ್ ಎತ್ತಿ ಹೊಡೀತಾನೆ. ಅದೇ ಹೊತ್ತಿಗೆ ಡಾರ್ಕ್‌ಸೈಡ್ ಕಣ್ಣಿಂದ ಒಮೆಗಾ ಕಿರಣ ಬಿಡ್ತಾನೆ. ಎಲ್ರೂ ಸತ್ತೋದ ಅಂದ್ಕೊಂಡ್ರೆ ಕೊನೇ ಪುಟದಲ್ಲಿ ಆಸಾಮಿ ಗುಹೆ ಗೋಡೆ ಮೇಲೆ ಬಾವಲಿ ಚಿತ್ರ ಬರೀತಾ ಕೂತಿರ್ತಾನೆ. ಅದಕ್ಕೂ ಮುಂಚೆ 'ಬ್ಯಾಟ್‌ಮ್ಯಾನ್ ಆರ್.ಐ.ಪಿ.' ಅಂತ ಇನ್ನೊಂದು, ಅದ್ರಲ್ಲಿ ಡಾಕ್ಟರ್ ಹರ್ಟ್ ಅನ್ನೋ ಖಳ. ಬ್ರೂಸ್ ಇಲ್ಲದಾಗ ಹಿಂದೆ ರಾಬಿನ್, ಅಂದ್ರೆ ಬ್ಯಾಟ್‌ಮ್ಯಾನ್‌ನ ಜೊತೆಗಾರ, ಆಗಿದ್ದ ಡಿಕ್ ಗ್ರೇಸನ್ ಬ್ಯಾಟ್‌ಮ್ಯಾನ್ ಆಗಿ, ಬ್ರೂಸ್ ಮಗ ಡೇಮಿಯನ್ ರಾಬಿನ್ ಆಗಿ ನಡ್ಸೋ 'ಬ್ಯಾಟ್‌ಮ್ಯಾನ್ ಅಂಡ್ ರಾಬಿನ್' ಮತ್ತೊಂದು. ಇವೆಲ್ಲ ಓದಿದ್ರೆ ಮಾತ್ರ ಈ ಪುಸ್ತಕದ ಪೂರ್ತಿ ರುಚಿ ಸಿಗೋದು. ಹಿಂಬದಿ ರಟ್ಟಿನ ಮೇಲೆ ಎರಡು ಸಾಲಲ್ಲಿ ಏನೋ ಬರ್ದಿದಾರೆ, ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ.

ನಮ್ಮಾಫೀಸಲ್ಲಿ ಉಡುಪಿ ಕಡೆಯವ್ರು ಒಬ್ರಿದಾರೆ, ಮಾರ್ವೆಲ್ ಸಿನ್ಮಾ ಒಂದೂ ಬಿಡದೆ ನೋಡಿರೋರು, ಅವ್ರಿಗೆ ಕೊಟ್ಟೆ. ಮೂರ್ ದಿನ ಆದ್ಮೇಲೆ ತಂದು ಟೇಬಲ್ ಮೇಲಿಟ್ಟು "ಎಂಥ ಮಾರಾಯ ಇದು, ಬೆಳಗಿನ ಜಾವ ನಾಲ್ಕು ಗಂಟೆಗೆ ಯಕ್ಷಗಾನದ ಆಟಕ್ಕೆ ಹೋಗಿ ಕೂತು, ಪಕ್ಕದವನ ಹತ್ರ ಈ ವೇಷ ಯಾರದ್ದು ಅಂತ ಕೇಳಿದ ಹಾಗೆ ಆಯ್ತು" ಅಂದ್ರು. ಅದಕ್ಕಿಂತ ಸರಿಯಾಗಿ ಹೇಳೋಕೆ ನಂಗೂ ಬರಲ್ಲ. ಅವ್ರು ಎರಡನೇ ಸಂಚಿಕೆ ಅರ್ಧಕ್ಕೆ ಬಿಟ್ಟಿದ್ರು, ಬುಕ್‌ಮಾರ್ಕ್ ಅಂತ ಇಟ್ಟಿದ್ದ ಬಸ್ ಟಿಕೆಟ್ ಇನ್ನೂ ಅಲ್ಲೇ ಇತ್ತು.

ಇನ್ನು ಮನೇಲಿ, ಇವ್ಳು ಮೊದಲ ಸಂಚಿಕೆ ಮಾತ್ರ ಓದಿ "ಚಿತ್ರ ಚೆನ್ನಾಗಿದೆ, ಆದ್ರೆ ಆ ಬಾವಲಿ ಚರ್ಮ ಹಂಗೇ ಹಸಿಹಸಿಯಾಗಿ ಹೊದ್ಕೊಂಡ್ರೆ ನಾತ ಹೊಡಿಯಲ್ವಾ" ಅಂತ ಕೇಳಿದ್ಳು. ಉತ್ತರ ಇಲ್ಲ ನನ್ನತ್ರ. ಆ ಸಂಚಿಕೇಲಿ ಹಂಗೇ ಆಗೋದು, ದೊಡ್ಡ ರಾಕ್ಷಸ ಬಾವಲಿ ಚರ್ಮನೇ ಅವನ ಕೇಪು, ಅವನ ಮುಖವಾಡ. ಎದುರಾಳಿ ವ್ಯಾಂಡಲ್ ಸ್ಯಾವೇಜ್, ಸಾವೇ ಇಲ್ಲದ ಮನುಷ್ಯ, ಅವನ ರಕ್ತಪಿಪಾಸು ಗುಂಪು. ಗುಹೆ ಜನರ ಮಾತು ಬ್ರೂಸ್‌ಗೆ ಗೊತ್ತಾಗಲ್ಲ, ಬ್ರೂಸ್ ಮಾತು ಅವ್ರಿಗೆ ಗೊತ್ತಾಗಲ್ಲ. ಒಬ್ಬ ಚಿಕ್ಕ ಹುಡುಗ ಕಣ್ಣಿನ ಸುತ್ತ ಬಣ್ಣ ಬಳ್ಕೊಂಡು ಇವನ ಹಿಂದೆ ಬರ್ತಾನಲ್ಲ, ಅದನ್ನ ನೋಡಿದಾಗ ಮೈ ಜುಮ್ ಅಂತು ನಂಗೆ. ರಾಬಿನ್ ಅನ್ನೋ ಹೆಸ್ರೇ ಹುಟ್ಟಿಲ್ಲ, ಇನ್ನೂ ಎಷ್ಟೋ ಸಾವಿರ ವರ್ಷ ಇದೆ ಹುಟ್ಟೋಕೆ, ಆದ್ರೆ ರಾಬಿನ್ ಆಗ್ಲೇ ಬಂದಾಯ್ತು. ಯಾರೂ ಅದನ್ನ ಬಾಯ್ಬಿಟ್ಟು ಹೇಳಲ್ಲ, ಚಿತ್ರಾನೇ ಹೇಳತ್ತೆ. ಚಿತ್ರ ಬರ್ದಿರೋದು ಕ್ರಿಸ್ ಸ್ಪ್ರೌಸ್, ಗೆರೆ ಅಷ್ಟು ಶುದ್ಧ.

ಪ್ರತಿ ಸಲ ಗ್ರಹಣ ಹಿಡಿದಾಗ ಇವ್ನು ಮುಂದಿನ ಕಾಲಕ್ಕೆ ಹಾರ್ತಾನೆ. ಎರಡನೇದ್ರಲ್ಲಿ ಬ್ಯಾಟ್‌ಮ್ಯಾನ್‌ನ ಊರು ಗಾಥಮ್, ಅದೂ ಪ್ಯೂರಿಟನ್ ಅನ್ನೋ ಕಟ್ಟುನಿಟ್ಟಿನ ಕ್ರೈಸ್ತರ ಕಾಲದ್ದು, ಮಾಟಗಾತಿ ಅಂತ ಹೆಂಗಸ್ರನ್ನ ಹಿಡಿದು ಕೊಲ್ತಿದ್ದ ಕಾಲ, ಬ್ರೂಸ್ ಅಲ್ಲಿ ಮೊರ್ಡಿಕಾಯ್ ಅನ್ನೋ ಹೆಸ್ರಲ್ಲಿ ಆ ಮಾಟಗಾತಿ ಹಿಡಿಯೋರ ಜೊತೆನೇ ಇದ್ಕೊಂಡು ಒಳಗೊಳಗೇ ಪತ್ತೇದಾರಿ ಮಾಡ್ತಿರ್ತಾನೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಇದೇ ಅತ್ಯುತ್ತಮ ಭಾಗ. ಫ್ರೇಜರ್ ಇರ್ವಿಂಗ್ ಅವ್ರ ಬಣ್ಣ ನೋಡ್ಬೇಕು, ಮಂಜು ಹೊಗೆ ಎಲ್ಲ ಸೇರ್ಕೊಂಡು ಒಂದ್ ಥರ ಜ್ವರದಲ್ಲಿ ಬಿದ್ದ ಕನಸಿನ ಹಾಗಿದೆ. ಆ್ಯನಿ ಅಂತ ಒಬ್ಳು ಹೆಂಗಸು, ಕಾಡಲ್ಲಿ ಒಬ್ಳೇ ಇರೋಳು, ಇವನ ಮೇಲೆ ಪ್ರೀತಿ ಇಟ್ಕೊಂಡೋಳು. ಅವಳನ್ನ ಹಿಡಿದು ಕೊಲ್ಲೋದು ಯಾರು? ವೇನ್ ವಂಶದ್ದೇ ಪೂರ್ವಿಕ. ಸಾಯೋ ಮುಂಚೆ ಅವ್ಳು ವೇನ್ ಮನೆತನಕ್ಕೆ ಶಾಪ ಹಾಕ್ತಾಳೆ, ಕಾಲದ ಕೊನೇವರ್ಗೂ ತಟ್ಟೋ ಅಂಥ ಶಾಪ. ಈಗ ಯೋಚ್ನೆ ಮಾಡಿ, ಕಾಲದ ಕೊನೇವರ್ಗೂ ಹೋಗಿ ಬರೋನು ಆ ವಂಶದಲ್ಲಿ ಒಬ್ನೇ ಒಬ್ಬ, ಅದು ಬ್ರೂಸೇ. ಶಾಪ ಅಂದ್ರೆ ನಮ್ಮಲ್ಲಿ ಮಗು ಕೂಡ ಅರ್ಥ ಮಾಡ್ಕೊಳತ್ತೆ, ಇದಕ್ಕೆ ಹಿಂದಿನ ಯಾವ ಪುಸ್ತಕಾನೂ ಬೇಕಿಲ್ಲ. ಉಡುಪಿಯವ್ರು ಇನ್ನೊಂದು ಹತ್ತು ಪುಟ ತಾಳ್ಕೊಂಡಿದ್ರೆ ಅಭಿಪ್ರಾಯ ಬದಲಾಗ್ತಿತ್ತು ಅಂತ ನಂಗೆ ಈಗ್ಲೂ ಅನ್ಸತ್ತೆ, ಅವ್ರು ಮಾತ್ರ ಒಪ್ಪಲ್ಲ.

ಮೂರನೇದು ಕಡಲ್ಗಳ್ಳರು, ಬ್ಲ್ಯಾಕ್‌ಬಿಯರ್ಡ್ ಬರ್ತಾನೆ, ಮಜಾ ಇದೆ, ಗುಹೆ ಒಳಗೆ ಓಡಾಟ ಬಲೆ ಬೋನು ಎಲ್ಲ. ನಾಲ್ಕನೇದು ಕೌಬಾಯ್ ಕಾಲ, ಇವನನ್ನ ಮುಗ್ಸೋಕೆ ದುಡ್ಡಿಗೆ ಜನರನ್ನ ಬೇಟೆ ಆಡೋ ಜೋನಾ ಹೆಕ್ಸ್‌ಗೆ ಸುಪಾರಿ ಕೊಡ್ತಾರೆ, ಒಂದು ನಿಗೂಢ ಪೆಟ್ಟಿಗೆ ಕಥೆ ಇದೆ, ಅಲ್ಲಿಂದ ಎಡವಟ್ಟು ಶುರು, ಯಾಕಂದ್ರೆ ಥಾಮಸ್ ವೇನ್ ಅಂತ ಒಬ್ಬ ಬರ್ತಾನೆ, ಅವ್ನು ಬ್ರೂಸ್ ಅಪ್ಪ ಅಲ್ಲ, ಹಳೇ ಕಾಲದ ಇನ್ನೊಬ್ಬ ಥಾಮಸ್ ವೇನ್, ಮುಂದೆ ಅವ್ನೇ ಡಾಕ್ಟರ್ ಹರ್ಟ್. ತಾತನ ಹೆಸ್ರು ಮೊಮ್ಮಗನಿಗೆ ಇಡೋದು ನಮ್ಮನೇಲೂ ಇದೆ, ಅದಕ್ಕೇನೂ ಬೇಜಾರಿಲ್ಲ, ಆದ್ರೆ ಓದೋರಿಗೆ ಒಂದು ಸೂಚನೆ ಬೇಡ್ವಾ? ಐದನೇದ್ರಲ್ಲಿ ಟೋಪಿ ಕೋಟು ಹಾಕ್ಕೊಂಡು ಹಳೇ ಪತ್ತೇದಾರಿ ಸಿನ್ಮಾ ಥರ, ತನ್ನ ಅಪ್ಪ ಅಮ್ಮನ ಕೊಲೆ ಆದ್ಮೇಲಿನ ದಿನಗಳಿಗೆ ಬಂದು ಬೀಳ್ತಾನೆ, ಆ ಸತ್ತವರ ಮಗ ತಾನೇ ಅನ್ನೋದು ಮಾತ್ರ ಸರಿಯಾಗಿ ನೆನಪಿಲ್ಲ. ಈ ಐಡಿಯಾ ಎಷ್ಟು ಚೆನ್ನಾಗಿದೆ ಅಲ್ವಾ? ಇನ್ನೊಂದ್ ಇಪ್ಪತ್ತು ಪುಟ ಕೊಡ್ಬೇಕಿತ್ತು ಇದಕ್ಕೆ. ಅವಸರ ಮಾಡಿದಾರೆ.

ಎಲ್ಲ ಕಾಲದ ನಡುವೆ ಓಡೋ ದಾರ ಏನಪ್ಪಾ ಅಂದ್ರೆ, ಡಾರ್ಕ್‌ಸೈಡ್ ಇವನನ್ನ ಕೊಂದಿಲ್ಲ, ಬಾಂಬ್ ಮಾಡಿ ಕಳ್ಸಿದಾನೆ. ಒಂದೊಂದು ಸಲ ಹಾರಿದಾಗ್ಲೂ ಮೈಯೊಳಗೆ ಒಮೆಗಾ ಶಕ್ತಿ ತುಂಬ್ಕೋತಾ ಹೋಗತ್ತೆ, 21ನೇ ಶತಮಾನಕ್ಕೆ ಬಂದು ಮುಟ್ಟಿದ ದಿನ ಎಲ್ಲ ಸ್ಫೋಟ. ಅಂದ್ರೆ ಅವನ ಛಲ, ಎಷ್ಟೇ ಕಷ್ಟ ಬಂದ್ರೂ ಮನೆ ಸೇರ್ಲೇಬೇಕು ಅನ್ನೋ ಹಟ, ಅದೇ ಆಯುಧ. ಅದಕ್ಕೇ ಸೂಪರ್‌ಮ್ಯಾನ್, ಗ್ರೀನ್ ಲ್ಯಾಂಟರ್ನ್, ಬೂಸ್ಟರ್ ಗೋಲ್ಡ್, ರಿಪ್ ಹಂಟರ್ ಅಂತ ಡಿಸಿಯ ಬೇರೆ ಹೀರೋಗಳೆಲ್ಲ ಇವನನ್ನ ಹುಡುಕ್ಕೊಂಡು ಕಾಲದ ತುಂಬ ಅಲೀತಿರ್ತಾರೆ. ಇವನ ಬೆನ್ನಿಗೆ ಹೈಪರ್ ಅಡಾಪ್ಟರ್ ಅನ್ನೋ ಬೇಟೆ ಯಂತ್ರ ಬೇರೆ ಬಿಟ್ಟಿದಾರೆ, ಜನ ಅದನ್ನ ಬಾವಲಿ ದೆವ್ವ ಅಂದ್ಕೋತಾರೆ. ಇಷ್ಟು ಗೊತ್ತಿದ್ರೆ ಸಾಕು ಸ್ವಾಮಿ, ಮುಕ್ಕಾಲು ಪುಸ್ತಕ ಸಲೀಸು. ಇಷ್ಟನ್ನ ಮೊದಲ ಪುಟದಲ್ಲಿ ನಾಲ್ಕು ಸಾಲಲ್ಲಿ ಹಾಕೋಕೆ ಆ ಪ್ರಕಾಶಕರಿಗೆ ಏನ್ ಧಾಡಿ.

ಕಾಲ ದಾಟಿ ಹೋಗೋ ಕಥೆ ನಮಗೇನೂ ಹೊಸದಲ್ಲ. ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ಗಂಡು ಯಾರು ಅಂತ ಕೇಳೋಕೆ ಅವಳನ್ನ ಕರ್ಕೊಂಡು ಬ್ರಹ್ಮಲೋಕಕ್ಕೆ ಹೋಗ್ತಾನೆ, ಅಲ್ಲಿ ಗಾಯನ ನಡೀತಿರತ್ತೆ, ಮುಗೀಲಿ ಅಂತ ಚೂರು ಹೊತ್ತು ನಿಲ್ತಾನೆ, ಅಷ್ಟರಲ್ಲಿ ಭೂಮೀಲಿ 27 ಚತುರ್ಯುಗ ಕಳ್ದು ಅವನು ಮನಸಲ್ಲಿಟ್ಕೊಂಡಿದ್ದ ಗಂಡುಗಳು, ಅವ್ರ ಮಕ್ಕಳು ಮೊಮ್ಮಕ್ಕಳು ಯಾರೂ ಉಳ್ದಿರಲ್ಲ. ಆಮೇಲೆ ಬಲರಾಮನಿಗೆ ಕೊಟ್ಟು ಮದ್ವೆ. ನಮ್ಮಜ್ಜಿ ಇದನ್ನ ಹೂ ಕಟ್ತಾ ಕಟ್ತಾ ಹೇಳಿ ಮುಗ್ಸೋರು, ಒಬ್ರೂ ಗೊಂದಲ ಮಾಡ್ಕೊಂಡಿದ್ದಿಲ್ಲ. ಹಾಗಂತ ಮಾರಿಸನ್‌ಗೆ ಹೇಳೋಕೆ ಬರಲ್ಲ ಅಂತಲ್ಲ. ಅವ್ರ ಲೆಕ್ಕವೇ ಬೇರೆ. 2006ರಲ್ಲಿ ಬ್ಯಾಟ್‌ಮ್ಯಾನ್ ಕೈಗೆ ತಗೊಂಡಾಗ್ಲೇ ಅವ್ರು, 1939ರಿಂದ ಬಂದಿರೋ ಕಥೆ ಎಲ್ಲ, ಐವತ್ತರ ದಶಕದ ಹುಚ್ಚುಚ್ಚು ಅನ್ಯಗ್ರಹದ ಕಥೆನೂ ಸೇರಿ, ಒಬ್ನೇ ಮನುಷ್ಯನ ಬಾಳಲ್ಲಿ ನಿಜವಾಗ್ಲೂ ನಡ್ದಿದ್ದು ಅಂತ ಇಟ್ಕೊಂಡು ಬರ್ದೋರು. ಡಾಕ್ಟರ್ ಹರ್ಟ್ ಕೂಡ 1963ರ ಒಂದು ಹಳೇ ಕಥೇಲಿ ಹೆಸರಿಲ್ದೆ ಬಂದು ಹೋಗೋ ಡಾಕ್ಟರ್‌ನ ಎಳ್ಕೊಂಡು ಬಂದು ಬೆಳ್ಸಿರೋ ಪಾತ್ರ. ಐದನೇ ಸಂಚಿಕೇಲಿ ಬರೋ ಕಾರ್ಟರ್ ನಿಕೋಲ್ಸ್ ಅಂತೂ ನಲವತ್ತರ ದಶಕದ ಪ್ರೊಫೆಸರು, ಆಗ ಅವ್ರು ಹಿಪ್ನಾಟಿಸಮ್ ಮಾಡಿ ಬ್ಯಾಟ್‌ಮ್ಯಾನ್ ರಾಬಿನ್ ಇಬ್ರನ್ನೂ ಹಳೇ ಕಾಲಕ್ಕೆ ಕಳ್ಸೋರು. ಯಂತ್ರನೂ ಇಲ್ಲ ಏನಿಲ್ಲ, ಕುರ್ಚಿ ಮೇಲೆ ಕೂರ್ಸಿ ಕಣ್ಮುಚ್ಚಿ ಅನ್ನೋದು ಅಷ್ಟೇ! ಇದು ಗೊತ್ತಿರೋರು ಆ ಪುಟ ಬಂದಾಗ ಕುಣೀತಾರೆ, ಗೊತ್ತಿಲ್ದೋರು ಇವ್ರ್ಯಾರೋ ಅಂತ ಪುಟ ತಿರುಗಿಸ್ತಾರೆ.

ಈಗ ನನ್ನ ದೊಡ್ಡ ತಕರಾರಿಗೆ ಬರ್ತೀನಿ. ಆರನೇ ಸಂಚಿಕೆ. ಕಾಲದ ಕಟ್ಟಕಡೇ ಜಾಗ, ವ್ಯಾನಿಶಿಂಗ್ ಪಾಯಿಂಟ್, ಅಲ್ಲಿ ಜಗತ್ತಿನ ಎಲ್ಲ ದಾಖಲೆ ಕೂಡಿಡೋ ಯಂತ್ರ ಜೀವಿಗಳು, ಅಲ್ಲಿಂದ ಇವ್ನು ಈಗಿನ ಕಾಲಕ್ಕೆ ಬರ್ತಾನೆ, ಬಂದ್ರೆ ಗೆಳೆಯರೇ ಅವನನ್ನ ತಡೀಬೇಕು, ಹೊಡೆದಾಟ, ಹಿಂದೊಮ್ಮೆ ರಾಬಿನ್ ಆಗಿದ್ದ ಟಿಮ್ ಡ್ರೇಕ್, ವಂಡರ್ ವುಮನ್, ಸೂಪರ್‌ಮ್ಯಾನ್, ಬೆಳಕು, ಕಿರುಚಾಟ. ಹಿಂದಿನ ಐದರಲ್ಲಿ ಏನು ನಡೀತು ಅನ್ನೋದರ ಅರ್ಥ ಎಲ್ಲ ಇದೊಂದ್ರಲ್ಲೇ ತುರುಕಿದಾರೆ, ಅದೂ ಒಂದು ಪುಟ ಹಿಂದೆ ಒಂದು ಪುಟ ಮುಂದೆ ಮಾಡ್ಕೊಂಡು, ಒಂದೊಂದು ಬಲೂನಿನ ಮಾತು ಯಾರದ್ದು ಅಂತಾನೇ ಗೊತ್ತಾಗಲ್ಲ. ಚಿತ್ರಕಾರರೂ ಬೇರೆ ಬೇರೆ, ಆರು ಸಂಚಿಕೆಗೆ ಆರು ಕೈ, ಐದು ಆರರಲ್ಲಿ ಇನ್ನೊಬ್ರು ಬಂದು ಸೇರ್ಕೋತಾರೆ. ಕಾಲ ಬೇರೆ ಬೇರೆ ಆದಾಗ ಕೈ ಬೇರೆ ಆಗೋದು ಚಂದವೇ, ಒಂದೇ ಕಾಲದಲ್ಲಿ ಪುಟ ತಿರುಗಿಸಿದ್ರೆ ಮೂಗು ಬೇರೆ ಆದ್ರೆ ಹೆಂಗೆ. ನಾಯಕನಿಗೆ ನೆನಪಿಲ್ಲ, ಅದಕ್ಕೇ ನಮಗೂ ಗೊಂದಲ ಆಗ್ಬೇಕು ಅನ್ನೋದು ಬೇಕಂತಲೇ ಮಾಡಿದ್ದು ಅಂತ ಕೆಲವ್ರು ಸಮರ್ಥನೆ ಕೊಡ್ತಾರೆ, ಮೊದಲ ಐದಕ್ಕೆ ಅದನ್ನ ನಾನೂ ಒಪ್ತೀನಿ, ಆದ್ರೆ ಆರನೇದ್ರಲ್ಲಿ ಅವನಿಗೆ ನೆನಪು ಬಂದಾಯ್ತಲ್ಲ ಮಾರಾಯ್ರೆ, ನಮಗ್ಯಾವಾಗ ಬರೋದು?

ಆದ್ರೂ ಅದೇ ಆರನೇದ್ರಲ್ಲಿ ಒಂದು ಕರೆಗಂಟೆ ಇದೆ. ಬ್ರೂಸ್ ಬ್ಯಾಟ್‌ಮ್ಯಾನ್ ಆಗ್ಬೇಕು ಅಂತ ತೀರ್ಮಾನಿಸಿದ ರಾತ್ರಿ, ಮೈಯೆಲ್ಲ ಗಾಯ ಆಗಿ ಅಪ್ಪನ ಕೋಣೇಲಿ ಕೂತಿದ್ದಾಗ ಕಿಟಕಿ ಒಡ್ಕೊಂಡು ಬಾವಲಿ ಬಂತಲ್ಲ, ಆ ಕಥೆ ಎಲ್ರಿಗೂ ಗೊತ್ತು. ಅವತ್ತು ಅವ್ನು ಬಾರಿಸಿದ ಗಂಟೆ, ಮನೆಯ ಬಟ್ಲರ್ ಆಲ್ಫ್ರೆಡ್‌ನ ಕರೆಯೋಕೆ. ಒಂಟಿ, ಒಂಟಿ ಅಂತ ಎಲ್ರೂ ಹೇಳೋ ಈ ಮನುಷ್ಯ ಆ ಮೊದಲ ದಿನವೇ ಗಂಟೆ ಬಾರಿಸಿ ಒಬ್ರನ್ನ ಕರೆದಿದ್ದ, ಅವ್ರು ಬಂದ್ರು. ಅವನಿಗೆ ಯಾವತ್ತೂ ಜೊತೆ ಇತ್ತು. ಇಷ್ಟು ಗಲಾಟೆ ಮಧ್ಯೆ ಈ ಸಣ್ಣ ಗಂಟೆ ಕೇಳ್ಸೋದಕ್ಕೋಸ್ಕರ ನಾನು ಮೂರ್ ಸಲ ಓದಿದ್ದು ಅಂತ ಈಗ ಅನ್ಸತ್ತೆ.

ನಾಲ್ಕನೇ ಓದುಗ ನಮ್ಮಕ್ಕನ ಮಗ, ಒಂಬತ್ತನೇ ಕ್ಲಾಸು, ಮೈಸೂರು. ದಸರಾ ರಜಕ್ಕೆ ಬಂದಿದ್ದಾಗ ಮಂಚದ ಮೇಲೆ ಬೋರಲು ಬಿದ್ಕೊಂಡು ಒಂದೇ ಮಧ್ಯಾಹ್ನಕ್ಕೆ ಮುಗ್ಸಿದ, ಊಟಕ್ಕೆ ಕರೆದ್ರೆ "ಕಡಲ್ಗಳ್ಳರದ್ದು ಮುಗೀಲಿ ತಡೀರಿ" ಅಂದ. ಡಾರ್ಕ್‌ಸೈಡ್ ಗೊತ್ತಿಲ್ಲ, ಹರ್ಟ್ ಗೊತ್ತಿಲ್ಲ, ಏನೂ ಗೊತ್ತಿಲ್ಲ. ಅರ್ಥ ಆಯ್ತೇನೋ ಅಂದ್ರೆ "ಅರ್ಥ ಆಗೋದೇನಿದೆ ಮಾಮಾ, ಅವ್ನು ಎಲ್ಲಿ ಬಿದ್ರೂ ಬ್ಯಾಟ್‌ಮ್ಯಾನೇ ಆಗ್ತಾನೆ, ಬಟ್ಟೆ ಬೇರೆ ಅಷ್ಟೇ" ಅಂದ. ನಾನು ಹಾಳೆ ಮೇಲೆ ವಂಶವೃಕ್ಷ ಬರ್ದಿದ್ದನ್ನ ತೋರಿಸ್ದೆ, ಪಾಪ ಅನ್ನೋ ಥರ ನೋಡ್ದ.

ಹಂಗಾಗಿ ನನ್ನ ರೇಟಿಂಗ್ ಐದಕ್ಕೆ ಮೂರೂವರೆ, ಎರಡನೇ ಸಂಚಿಕೆ ಒಂದಕ್ಕೇ ಆದ್ರೆ ಐದಕ್ಕೈದು. ಬ್ಯಾಟ್‌ಮ್ಯಾನ್ ಕಾಮಿಕ್ ಈಗಷ್ಟೇ ಶುರು ಮಾಡೋರು ಇದನ್ನ ಮೊದಲ ಪುಸ್ತಕ ಅಂತ ತಗೋಬೇಡಿ, ಆರ್.ಐ.ಪಿ.ಯಿಂದ ಶುರು ಮಾಡಿ, ಫೈನಲ್ ಕ್ರೈಸಿಸ್ ಅರ್ಥ ಆಗ್ಲಿ ಬಿಡ್ಲಿ ಬ್ಯಾಟ್‌ಮ್ಯಾನ್ ಬರೋ ಪುಟ ಆದ್ರೂ ಓದಿ, ಆಮೇಲೆ ಇದು. ಅಥವಾ ಒಂಬತ್ತನೇ ಕ್ಲಾಸ್ ಹುಡುಗನ ಥರ ಒಂದೊಂದು ಕಾಲನ ಒಂದೊಂದು ಬಿಡಿ ಕಥೆ ಅಂತ ಓದ್ಕೊಂಡು ಕೊನೇದ್ರಲ್ಲಿ ಜಾಸ್ತಿ ತಲೆ ಕೆಡ್ಸಿಕೊಳ್ದೆ ದಾಟಿಬಿಡಿ. ಹೊಸದು ಪೂರ್ತಿ ದುಡ್ಡು ಕೊಟ್ಟು ತಗೊಳೋಕೆ ಮುಂಚೆ ಯಾರತ್ರ ಆದ್ರೂ ಇದ್ರೆ ಇಸ್ಕೊಂಡು ನೋಡಿ. ನನ್ನತ್ರ ಕೇಳ್ಬೇಡಿ, ಪುಸ್ತಕ ಮೈಸೂರಿಗೆ ಹೋಗಿದೆ, ವಂಶವೃಕ್ಷದ ಹಾಳೆ ಮಾತ್ರ ಇಲ್ಲೇ ಬಿಟ್ಟು ಹೋಗಿದಾನೆ.