ಕ್ಲಿನಿಕ್ಕಲ್ಲೇ ಬಿಟ್ಟು ಬರುವ ಫೋನು: ಮಲೆನಾಡಿನ ಡಾಕ್ಟರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್

ತೀರ್ಥಹಳ್ಳಿ, ಹೊಸನಗರದಂಥ ಊರಲ್ಲಿ ಒಬ್ಬರೇ ಕ್ಲಿನಿಕ್ ನಡೆಸುವ ಡಾಕ್ಟರು ಹಗಲಿನ ಪೇಷಂಟುಗಳನ್ನು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಸೋಲುವುದು ರಾತ್ರಿ ಊಟಕ್ಕೆ ಕೂತಾಗ ಬರುವ ಲ್ಯಾಬ್ ರಿಪೋರ್ಟಿನ ಫೋಟೋಕ್ಕೆ, ಜೊತೆಗೊಂದು 'ಸಾರ್, ಸ್ವಲ್ಪ ನೋಡಿ'ಗೆ. ಒತ್ತಡ ಕಳೆಯಲೆಂದು ಧ್ಯಾನ ಹೇಳಿಕೊಡುವ ಆ್ಯಪ್ ಇದಕ್ಕೆ ಮದ್ದಲ್ಲ. ಪುಕ್ಕಟೆ ಸಿಗುವ ವಾಟ್ಸ್‌ಆ್ಯಪ್ ಬಿಸಿನೆಸ್ ತಕ್ಕಮಟ್ಟಿಗೆ ಮದ್ದು, ಸರಿಯಾಗಿ ಕೂರಿಸಿಕೊಂಡರೆ.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಮನೆಯ ಫೋನಿಗೇ ಎರಡನೇ ಸಿಮ್ ಹಾಕಿ, ರಾತ್ರಿ ಅದನ್ನು ಆಫ್ ಮಾಡಿದರಾಯಿತು ಅಂದುಕೊಳ್ಳುತ್ತಾರೆ. ವಾಟ್ಸ್‌ಆ್ಯಪ್ ಕರೆ ಇಂಟರ್‌ನೆಟ್ಟಿನಲ್ಲಿ ಬರುವುದರಿಂದ ಸಿಮ್ ಆಫ್ ಆದರೂ ರಿಂಗಾಗುತ್ತದೆ. ಹಳೆಯ ಫೋನೊಂದಕ್ಕೆ ಬೇರೆ ನಂಬರ್ ಹಾಕಿ, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಕೂರಿಸಿ, ಕ್ಲಿನಿಕ್ಕಲ್ಲೇ ಚಾರ್ಜಿಗಿಟ್ಟು ಬನ್ನಿ. ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯದ ನಿರ್ಬಂಧ ತೆಗೆಯಲೇಬೇಕು.

ಇದರ ಜೀವಾಳ 'ಅವೇ ಮೆಸೇಜ್' (Away message), ಅಂದರೆ ನೀವಿಲ್ಲದಾಗ ತಾನಾಗಿಯೇ ಹೋಗುವ ಉತ್ತರ. ಕ್ಲಿನಿಕ್ ವೇಳೆ ತುಂಬಿ, ಆ ವೇಳೆಯ ಹೊರಗೆ ಮಾತ್ರ ಹೋಗುವಂತೆ ಇಡಿ. ಒಕ್ಕಣೆ ಚಿಕ್ಕದಿರಲಿ, ತುರ್ತಿನ ಮಾತು ಮೊದಲು ಬರಲಿ: 'ಹಾವು ಕಡಿತ, ಎದೆನೋವು, ಉಸಿರಾಟದ ತೊಂದರೆ, ಹೆರಿಗೆ ನೋವು ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಉಳಿದದ್ದು ನಾಳೆ 9:30ಕ್ಕೆ.' ಇನ್ನು 'ಕ್ವಿಕ್ ರಿಪ್ಲೈ', ಅಂದರೆ ಮೊದಲೇ ಬರೆದಿಟ್ಟು ಬೇಕಾದಾಗ ಕಳಿಸುವ ಉತ್ತರ, 50ರವರೆಗೆ ಇಡಬಹುದು, ಹತ್ತು ಸಾಕು. ಮಂಗನ ಕಾಯಿಲೆಯ ತಿಂಗಳುಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಮೇವರೆಗೆ, 'ಕಾಡಿಗೆ ಹೋಗಿದ್ದವರಿಗೆ, ಉಣುಗು ಕಚ್ಚಿದವರಿಗೆ ಜ್ವರ ಬಂದರೆ ಅದೇ ದಿನ ಬನ್ನಿ' ಎಂಬುದು ಅದರಲ್ಲೊಂದಾಗಿರಲಿ.

ಕೈಕೊಡುವುದು ಆಷಾಢದ ಮಳೆಯಲ್ಲಿ. ಫೋನಿಗೆ ಇಂಟರ್‌ನೆಟ್ ಇದ್ದರೆ ಮಾತ್ರ ಅವೇ ಮೆಸೇಜ್ ಹೋಗುತ್ತದೆ. ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಅತ್ತಲಿಂದ ಕಳಿಸಿದವರಿಗೆ ಒಂದು ಟಿಕ್ ಕಾಣುತ್ತದೆ, ಅಷ್ಟೇ. ವೈಫೈ ರೂಟರಿಗೆ ಯುಪಿಎಸ್ ಇದ್ದರೆ ಒಂದಿಷ್ಟು ಹೊತ್ತು ತಡೆದೀತು. ಅದೇ ಒಕ್ಕಣೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಲಿನಿಕ್ ಬಾಗಿಲಿಗೂ ಅಂಟಿಸಿ.

'ಮೀಡಿಯಾ ವಿಸಿಬಿಲಿಟಿ' ಮೊದಲ ದಿನವೇ ಆಫ್ ಮಾಡಿ. ಇಲ್ಲದಿದ್ದರೆ ಪೇಷಂಟಿನ ಗಾಯದ ಫೋಟೋ ಗ್ಯಾಲರಿಗೆ ಬಂದು ಕೂರುತ್ತದೆ, ಆ ಫೋನು ಯಾರ ಕೈಗೋ ಸಿಗುತ್ತದೆ. ರಿಸೆಪ್ಷನ್ನಿನವರಿಗೆ 'ಲಿಂಕ್ಡ್ ಡಿವೈಸ್' (ಅದೇ ನಂಬರಿನ ವಾಟ್ಸ್‌ಆ್ಯಪನ್ನು ಇನ್ನೊಂದು ಫೋನಲ್ಲೋ ಕಂಪ್ಯೂಟರಲ್ಲೋ ತೆರೆಯುವ ಸೌಲಭ್ಯ) ಕೊಟ್ಟರೆ ಹಗಲಿನ ಅರ್ಧ ಕೆಲಸ ಇಳಿಯುತ್ತದೆ, ನಿಜ. ಆದರೆ ಎಲ್ಲರ ಮಾತುಕತೆಯೂ ಅವರಿಗೆ ಕಾಣುತ್ತದೆ. ಗುಟ್ಟು ಉಳಿಸಿಕೊಳ್ಳುವವರಿಗೆ ಮಾತ್ರ ಕೊಡಿ. ಮೆಸೇಜಿನಲ್ಲೇ ಔಷಧಿ ಬರೆದರೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ದಾಖಲೆ ಇಡಬೇಕು. ನೇರ ನೋಡಬೇಕು ಅನ್ನಿಸಿದರೆ ಬರಹೇಳುವ ಅಧಿಕಾರವೂ ಅದರಲ್ಲೇ ಇದೆ.

ಮನೆಯ ಫೋನಿನಲ್ಲಿ ರಾತ್ರಿ 8ರಿಂದ 9:30ರವರೆಗೆ 'ಡು ನಾಟ್ ಡಿಸ್ಟರ್ಬ್' ಇಟ್ಟು, ಹೆರಿಗೆ ವಾರ್ಡಿನ ಸಿಸ್ಟರಿನ ನಂಬರಿಗೆ ನಕ್ಷತ್ರ ಹಾಕಿ, ಅಂಥವರ ಕರೆ ಮಾತ್ರ ಬರಲಿ ಎಂದು ಆರಿಸಿ. ಆ್ಯಂಡ್ರಾಯ್ಡ್‌ನಲ್ಲಿ 'ರಿಪೀಟ್ ಕಾಲರ್ಸ್' ಆನ್ ಇದ್ದರೆ 15 ನಿಮಿಷದೊಳಗೆ ಎರಡನೇ ಸಲ ಮಾಡಿದವರ ಕರೆಯೂ ಒಳಬರುತ್ತದೆ. ನಮ್ಮ ಕಡೆ ಎತ್ತದಿದ್ದರೆ ಮರುಕ್ಷಣ ಇನ್ನೊಂದು ಸಲ ಒತ್ತುವುದೇ ರೂಢಿ, ಹಾಗಾಗಿ ಅದು ಆಫ್ ಇರಲಿ.

ರಾತ್ರಿ ಊಟಕ್ಕೆ ಇಷ್ಟು ಸಾಕು, ಎರಡು ದಿನದ ರಜೆಗೆ ಸಾಲದು. ಅದಕ್ಕೆ ಪಕ್ಕದ ಊರಿನ ಡಾಕ್ಟರೊಬ್ಬರ ಜೊತೆ ಕೊಟ್ಟು ತೆಗೆದುಕೊಳ್ಳುವ ಒಪ್ಪಂದ ಬೇಕು, ಅವೇ ಮೆಸೇಜಿನಲ್ಲಿ ಅವರ ಹೆಸರು, ವೇಳೆ ಹಾಕಬೇಕು. ಮುಗಿಯುವ ದಿನಾಂಕ ಹಾಕುವುದನ್ನು ಮರೆತರೋ, ನೀವು ವಾಪಸ್ ಬಂದು ಕೂತಿದ್ದರೂ ಪೇಷಂಟುಗಳು ಅವರ ಬಾಗಿಲಲ್ಲೇ ಸಾಲು ನಿಂತಿರುತ್ತಾರೆ.