ಮನೆ ಮಾರುವಾಗ ಏನು ಬಿಡಬೇಕು, ಏನು ಒಯ್ಯಬೇಕು: ಮೂರು ಪದ್ಧತಿಗಳ ಹೋಲಿಕೆ

ಮನೆ ಮಾರುವವರು ಬೆಲೆಯ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಆದರೆ ಬಚ್ಚಲಿನ ಗೀಸರ್, ತಾರಸಿಯ ಮೇಲಿನ ಸೋಲಾರ್, ಮೆಟ್ಟಿಲ ಕೆಳಗಿನ ಯುಪಿಎಸ್ ಇವುಗಳಲ್ಲಿ ಯಾವುದು ಮನೆಯ ಜೊತೆ ಹೋಗುತ್ತದೆ, ಯಾವುದು ತಮ್ಮ ಜೊತೆ ಬರುತ್ತದೆ ಎಂಬ ಮಾತನ್ನು ಮುಂಗಡ ಕೈಗೆ ಬಂದ ಮೇಲೆಯೇ ಎತ್ತುತ್ತಾರೆ. ಅಷ್ಟು ಹೊತ್ತಿಗೆ ಎರಡೂ ಕಡೆಯವರು ಮನಸ್ಸಿನಲ್ಲಿ ಬೇರೆ ಬೇರೆ ಲೆಕ್ಕ ಹಾಕಿಕೊಂಡಿರುತ್ತಾರೆ. ನಮ್ಮ ಕುಟುಂಬದಲ್ಲಿ ಕೆಲವು ವರ್ಷಗಳ ಅಂತರದಲ್ಲಿ ತೀರ್ಥಹಳ್ಳಿಯ ಹಿರಿಯರ ಮನೆ, ಶಿವಮೊಗ್ಗದ ಗೋಪಾಳದಲ್ಲಿದ್ದ ನಮ್ಮ ಮನೆ ಮತ್ತು ಸಾಗರದ ನನ್ನ ಮಾವನವರ ಮನೆ ಮಾರಾಟವಾದವು. ಮೂರರ ವ್ಯವಹಾರವನ್ನೂ ನೋಡಿಕೊಂಡವನು ನಾನೇ. ಮೊದಲನೆಯದನ್ನು ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿಕೊಂಡು ಖಾಲಿ ಮಾಡಿ ಕೊಟ್ಟೆವು. ಎರಡನೆಯದನ್ನು ಇದ್ದದ್ದು ಇದ್ದಂತೆ ಒಂದೇ ಮೊತ್ತಕ್ಕೆ ಕೊಟ್ಟೆವು. ಮೂರನೆಯದರಲ್ಲಿ ಸಾಮಾನುಗಳ ಪಟ್ಟಿ ಮಾಡಿ ಬೇರೆ ಬೆಲೆ ಕಟ್ಟಿದೆವು.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಮಿನ ಪ್ರಕಾರ, ಬೇರೆ ಉದ್ದೇಶವಿದೆಯೆಂದು ಸ್ಪಷ್ಟವಾಗದಿದ್ದರೆ, ಮನೆಯೊಂದಿಗೆ ಅದರ ಬೀಗ, ಕೀಲಿಕೈ, ಅಗುಳಿ, ಬಾಗಿಲು, ಕಿಟಕಿಗಳೂ ಮನೆಯ ಕಾಯಂ ಬಳಕೆಗಾಗಿ ಒದಗಿಸಿದ ಇತರ ವಸ್ತುಗಳೂ ಕೊಂಡವರಿಗೆ ಸೇರುತ್ತವೆ. ಅದೇ ಕಾಯ್ದೆಯ 3ನೇ ಕಲಂ ನೆಲದಲ್ಲಿ ಬೇರು ಬಿಟ್ಟ ಮರಗಿಡಗಳನ್ನೂ, ನೆಲದಲ್ಲಿ ಹೂತ ಗೋಡೆ ಕಟ್ಟಡಗಳನ್ನೂ, ಆ ಕಟ್ಟಡದ ಕಾಯಂ ಉಪಯೋಗಕ್ಕಾಗಿ ಅದಕ್ಕೆ ಜೋಡಿಸಿದ್ದನ್ನೂ ಭೂಮಿಗೆ ಸೇರಿದ್ದೆಂದೇ ಎಣಿಸುತ್ತದೆ. ಹಿತ್ತಲಿನ ಹಲಸಿನ ಮರ, ಅಂಗಳದ ತುಳಸಿಕಟ್ಟೆ, ಕೊಳವೆಬಾವಿ ಇವುಗಳ ಬಗ್ಗೆ ಆದ್ದರಿಂದ ವಾದವೇ ಏಳುವುದಿಲ್ಲ. ಫ್ಯಾನು, ಗೀಸರ್, ಯುಪಿಎಸ್‌ಗಳ ಹೆಸರು 1882ರ ಕಾಯ್ದೆಯಲ್ಲಿ ಇರುವುದು ಸಾಧ್ಯವಿರಲಿಲ್ಲ; ತಕರಾರು ಹುಟ್ಟುವುದೆಲ್ಲ ಅವುಗಳ ಸುತ್ತಲೇ. ಕ್ರಯದ ಕರಾರಿನಲ್ಲಿ ಬರೆದುಕೊಂಡರೆ ಮಾತ್ರ ಆ ತಕರಾರು ಹುಟ್ಟುವ ಮೊದಲೇ ತೀರುತ್ತದೆ.

ತೀರ್ಥಹಳ್ಳಿಯ ಮನೆ ಮಣ್ಣಿನ ಗೋಡೆಯ, ಮಂಗಳೂರು ಹೆಂಚಿನ ಹಳೆಯ ಮನೆ. ಎಲ್ಲವನ್ನೂ ಒಯ್ಯಬೇಕೆಂಬುದು ಅಣ್ಣತಮ್ಮಂದಿರು ಕೂಡಿ ಮಾಡಿದ ತೀರ್ಮಾನವಾಗಿತ್ತು. ಪ್ರತಿಯೊಬ್ಬರಿಗೂ ಹಿರಿಯರ ನೆನಪಿಗೆ ಒಂದೊಂದು ವಸ್ತು ಬೇಕಿತ್ತು. ಉಯ್ಯಾಲೆ, ದೇವರ ಮಂಟಪ, ಒರಳುಕಲ್ಲು, ಹಿತ್ತಾಳೆಯ ತೂಗುದೀಪ ಇವೆಲ್ಲ ಸಲೀಸಾಗಿ ಹೊರಬಂದವು. ಉಯ್ಯಾಲೆಯ ಸರಪಳಿಯನ್ನು ಕಳಚಿ ಕೊಂಡಿಗಳನ್ನು ತೊಲೆಯಲ್ಲೇ ಬಿಟ್ಟದ್ದರಿಂದ ಮರಕ್ಕೆ ಪೆಟ್ಟಾಗಲಿಲ್ಲ. ಕಷ್ಟವಾದದ್ದು ಬಚ್ಚಲಿನ ತಾಮ್ರದ ಹಂಡೆಯಲ್ಲಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಹಂಡೆಯನ್ನು ಒಲೆಯ ಮೇಲೆ ಇಟ್ಟಿರುವುದಿಲ್ಲ, ಒಲೆಯನ್ನೇ ಹಂಡೆಯ ಸುತ್ತ ಕಟ್ಟಿರುತ್ತಾರೆ. ಕಂಠದ ಸುತ್ತಲಿನ ಗಾರೆಯನ್ನು ಉಳಿಯಿಂದ ಬಿಡಿಸುತ್ತ ಹೋದಂತೆ ಒಲೆಯ ಬಾಯಿಯ ಕಲ್ಲು ಸಡಿಲವಾಯಿತು, ಹೊಗೆ ಹೋಗುವ ದಾರಿ ಕುಸಿಯಿತು, ಪಕ್ಕದ ಗೋಡೆಯ ಮಣ್ಣು ಒಂದು ಮೊಳದಷ್ಟು ಉದುರಿತು. ಹೊರಗೆ ಬಂದ ಹಂಡೆಯ ತಳ ಮಸಿಯಿಂದ ಕಪ್ಪಾಗಿ, ಒಂದು ಕಡೆ ತಗ್ಗಾಗಿತ್ತು. ಕೊಳ್ಳಲಿದ್ದವರು ಮರುದಿನ ಬಂದು ನೋಡಿ, “ಹಂಡೆ ಹೋದ ಮೇಲೆ ಬಚ್ಚಲಿಗೆ ಎಂತ ಉಳೀತು ಮಾರಾಯ್ರೆ?” ಎಂದರು. ಅವರು ಬೆಲೆಯಲ್ಲಿ ಇಳಿಸಿಕೊಂಡ ಮೊತ್ತ ಹೊಸ ಒಲೆ ಕಟ್ಟಿಸುವ ಖರ್ಚಿಗಿಂತ ಹೆಚ್ಚಾಗಿತ್ತು. ಹಂಡೆಗಾದರೋ ಪಾತ್ರೆ ಅಂಗಡಿಯಲ್ಲಿ ಸಿಕ್ಕಿದ್ದು ತೂಕಕ್ಕೆ ಹಳೆ ತಾಮ್ರದ ದರ ಮಾತ್ರ.

ಖಾಲಿ ಮಾಡಿ ಕೊಡುವ ಪದ್ಧತಿಗೆ ಇನ್ನೊಂದು ದೋಷವಿದೆ. ಫ್ಯಾನು ಬಿಚ್ಚಿದ ಜಾಗದಲ್ಲಿ ಕೊಕ್ಕೆಯೂ ಟೇಪು ಸುತ್ತಿದ ಎರಡು ವೈರುಗಳೂ ನೇತಾಡುತ್ತವೆ. ಅದನ್ನು ಕಂಡವರಿಗೆ ಇಡೀ ಮನೆಯ ವೈರಿಂಗ್ ಮೇಲೆಯೇ ಅನುಮಾನ ಬರುತ್ತದೆ. ಸಾಮಾನಿರುವಾಗ ಯಾರೂ ನೋಡದಿದ್ದ ಗೋಡೆಯ ತೇವದ ಕಲೆ ಖಾಲಿ ಕೋಣೆಯಲ್ಲಿ ಎದ್ದು ಕಾಣುತ್ತದೆ, ಅದರಲ್ಲೂ ನಮ್ಮ ಕಡೆಯ ಮಳೆಗಾಲ ಮುಗಿದ ಹೊಸತರಲ್ಲಿ. ಹಾಗೆಂದು ಈ ಪದ್ಧತಿಗೆ ಗುಣವೇ ಇಲ್ಲವೆಂದಲ್ಲ. ಮನೆ ಒಪ್ಪಿಸಿದ ಮೇಲೆ ಒಂದು ಫೋನು ಕರೆಯೂ ಬರಲಿಲ್ಲ, ಏಕೆಂದರೆ ದೂರು ಹೇಳಲು ಅಲ್ಲಿ ನಮ್ಮದೆಂಬ ಯಂತ್ರವೇ ಉಳಿದಿರಲಿಲ್ಲ. ಕೊಂಡವರು ಕೆಡವಿ ಹೊಸದಾಗಿ ಕಟ್ಟುವವರಾಗಿದ್ದರೆ ಈ ದಾರಿಯೇ ಸರಿ. ಆಗ ಬಾಗಿಲು, ಕಂಬ, ಪಕಾಸುಗಳನ್ನು ಕೂಡ ಕರಾರಿನಲ್ಲಿ ಬರೆಸಿ ಒಯ್ಯಬಹುದು.

ಗೋಪಾಳದ ಮನೆ ತಾರಸಿ ಮನೆ. ಅಲ್ಲಿ ಸೋಲಾರ್ ವಾಟರ್ ಹೀಟರ್, ಯುಪಿಎಸ್, ಒಂದು ಎಸಿ, ಗೀಸರ್, ಅಡುಗೆಮನೆಯ ಚಿಮಣಿ, ಆರ್‌ಒ ಯಂತ್ರ, ಎಲ್ಲ ಕೋಣೆಗಳ ಫ್ಯಾನುಗಳು ಇದ್ದವು. ಎಲ್ಲವೂ ಮನೆಯೊಂದಿಗೆ ಎಂದು ಮೊದಲ ದಿನವೇ ಹೇಳಿದೆವು. ನೋಡಲು ಬಂದ ದಂಪತಿಗೆ ಅದು ಹಿಡಿಸಿತು, ಮಾತು ಬೇಗ ಮುಗಿಯಿತು. ಇದರ ಹಿಂದೆ ಒಂದು ಹಣಕಾಸಿನ ಕಾರಣವೂ ಇತ್ತು. ಅವರು ಬ್ಯಾಂಕಿನ ಸಾಲದಿಂದ ಮನೆ ಕೊಳ್ಳುವವರು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷದವರೆಗೆ ಇದ್ದರೆ ಮನೆಯ ಮೌಲ್ಯದ ಗರಿಷ್ಠ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75ರಷ್ಟು ಮಾತ್ರ ಸಾಲ ಸಿಗುತ್ತದೆ. ಉಳಿದದ್ದನ್ನೂ ಮುದ್ರಾಂಕ, ನೋಂದಣಿಯ ಖರ್ಚನ್ನೂ ಅವರೇ ಹೊಂದಿಸಬೇಕು. ಅಷ್ಟೆಲ್ಲ ಆದ ಮೇಲೆ ಫ್ಯಾನು, ಗೀಸರ್ ಹೊಸದಾಗಿ ಕೊಳ್ಳಲು ಅವರ ಕೈಯಲ್ಲಿ ಹಣ ಇರುವುದಿಲ್ಲ. ಒಟ್ಟು ಬೆಲೆಯೊಳಗೆ ಇವು ಸೇರಿಬಂದರೆ ಅವರಿಗೆ ದೊಡ್ಡ ಅನುಕೂಲ.

ಆದರೆ ಮಾರುವವನ ಕಡೆಯಿಂದ ನೋಡಿದರೆ, ಜೊತೆಗೆ ಕೊಟ್ಟ ವಸ್ತುವಿಗೆ ಬೆಲೆ ಬರುವುದಿಲ್ಲ. ಚೌಕಾಸಿಗೆ ಕುಳಿತಾಗ ಅವರು ಗೋಪಾಳದ ಅಡಿ ದರ, ಕಟ್ಟಡದ ವಯಸ್ಸು, ರಸ್ತೆಯ ಅಗಲ ಇವನ್ನಷ್ಟೇ ಮಾತಾಡಿದರು. ನಾವು ಎಸಿಯ ಹೆಸರೆತ್ತಿದಾಗ “ಅದು ಹೇಗೂ ಮನೆ ಜೊತೆ ಅಂದಿರಲ್ಲ ಸಾರ್” ಎಂದು ನಕ್ಕರು. ಅದಕ್ಕಿಂತ ಹೆಚ್ಚಿನ ಕಿರಿಕಿರಿ ಬಂದದ್ದು ಮೊದಲ ಜಡಿಮಳೆಯಲ್ಲಿ. ಮರ ಬಿದ್ದು ಕರೆಂಟು ಹೋದ ರಾತ್ರಿ ಯುಪಿಎಸ್ ಬಹಳ ಹೊತ್ತು ನಿಲ್ಲಲಿಲ್ಲವೆಂದು ಫೋನು ಬಂತು. ಟ್ಯೂಬುಲರ್ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ನಮ್ಮದು ಆ ಗಡಿಯ ಹತ್ತಿರ ಬಂದಿತ್ತು. ಹಳೆಯದೆಂದು ಬಾಯಲ್ಲಿ ಹೇಳಿದ್ದೆವು, ಬರೆದುಕೊಟ್ಟಿರಲಿಲ್ಲ. ಇದ್ದಂತೆ ಕೊಡುವ ಪದ್ಧತಿಯಲ್ಲಿ ಕೊಂಡವರು ಕೇಳುವ ಮಾತು “ಇದ್ದದ್ದು” ಎಂದಲ್ಲ, “ನಡೆಯುವುದು” ಎಂದೇ.

ಸೋಲಾರ್ ವಿಷಯದಲ್ಲಿ ಮಾತ್ರ ಬಿಟ್ಟುಹೋಗುವುದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ. ಅದರ ಸ್ಟ್ಯಾಂಡನ್ನು ತಾರಸಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಕಿತ್ತರೆ ಆ ತೂತುಗಳಿಂದ ಮೊದಲ ಮಳೆಗೇ ಸೋರಿಕೆ. ಗಾಜಿನ ಕೊಳವೆಗಳನ್ನು ಹೊರತೆಗೆಯುವಾಗ ಒಂದೆರಡಾದರೂ ಒಡೆಯುತ್ತವೆ, ರಬ್ಬರ್ ರಿಂಗುಗಳು ಮತ್ತೆ ಕೂರುವುದಿಲ್ಲ, ಹೊಸ ಮನೆಯಲ್ಲಿ ಪೈಪುಗಳ ದಾರಿಯೇ ಬೇರೆಯಾಗಿರುತ್ತದೆ. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ನಮ್ಮ ಊರುಗಳಲ್ಲಿ ಅದಕ್ಕೆ ಕಾಯಿಲ್ ಅಥವಾ ಗೀಸರ್ ಜೊತೆಗಿರಲೇಬೇಕಾದ್ದರಿಂದ, ಸೋಲಾರ್ ಬಿಡುವವರು ಗೀಸರನ್ನೂ ಬಿಡುವುದು ನ್ಯಾಯ. ಎಸಿಯ ಲೆಕ್ಕ ಬೇರೆ. ತಿಳಿದವರು ಅನಿಲವನ್ನು ಹೊರಗಿನ ಘಟಕಕ್ಕೆ ಎಳೆದುಕೊಂಡು ಬಿಚ್ಚಿದರೆ ಅದು ಸುಖವಾಗಿ ಬೇರೆ ಮನೆಗೆ ಹೋಗುತ್ತದೆ. ಆದರೆ ಬಿಚ್ಚುವ ಕೂಲಿ, ಕೂರಿಸುವ ಕೂಲಿ, ಹೊಸ ತಾಮ್ರದ ಪೈಪು ಸೇರಿಸಿದರೆ ಹಳೆಯ ಯಂತ್ರಕ್ಕೆ ಅಷ್ಟು ಖರ್ಚು ದಂಡ. ಆರ್‌ಒ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಗಂಗಾಸ್ನಾನ, ತುಂಗಾಪಾನ” ಎಂಬ ಮಾತು ಹುಟ್ಟಿದ ಸೀಮೆಯಲ್ಲಿ, ಶುದ್ಧೀಕರಿಸಿದ ತುಂಗೆಯ ನೀರು ನಲ್ಲಿಯಲ್ಲೇ ಬರುವಾಗ, ಕೊಟ್ಟ ನೀರಿನ ದೊಡ್ಡ ಪಾಲನ್ನು ಚರಂಡಿಗೆ ಬಿಡುವ ಯಂತ್ರಕ್ಕೆ ಬೆಲೆ ಕೇಳಲು ನನಗೆ ನಾಚಿಕೆಯಾಯಿತು.

ಸಾಗರದ ಮನೆಯಲ್ಲಿ ಇವೆರಡರ ನಡುವಿನ ದಾರಿ ಹಿಡಿದೆವು. ಮನೆಗೆ ಒಂದು ಬೆಲೆ, ಸಾಮಾನುಗಳಿಗೆ ಪ್ರತ್ಯೇಕ ಪಟ್ಟಿ. ಪಟ್ಟಿಯಲ್ಲಿ ವಸ್ತು, ಕೊಂಡ ವರ್ಷ, ಈಗಿನ ಸ್ಥಿತಿ, ಕೇಳುವ ಬೆಲೆ ಎಂದು ಕಾಲಂಗಳು. ಯುಪಿಎಸ್ ಮುಂದೆ ಬ್ಯಾಟರಿಯ ವಾರಂಟಿ ಚೀಟಿಯ ತಾರೀಖನ್ನೂ ಬರೆದೆವು. ಮಾವನವರಂತೂ ಪರದೆಯ ಸರಳು, ಗೋಡೆ ಗಡಿಯಾರ, ಬಟ್ಟೆ ಒಣಗಿಸುವ ನೈಲಾನ್ ಹಗ್ಗದವರೆಗೆ ಬರೆಸಿದರು. “ಮಾವ, ಹಗ್ಗಕ್ಕೆ ಬೆಲೆ ಹಾಕುವುದು ಬೇಡ” ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಫಲಿತಾಂಶ ಎರಡು ತರಹ ಬಂತು. ದೊಡ್ಡ ವಸ್ತುಗಳಿಗೆ, ಅಂದರೆ ಯುಪಿಎಸ್, ತೇಗದ ಊಟದ ಮೇಜು ಮತ್ತು ಬಟ್ಟೆ ಒಗೆಯುವ ಯಂತ್ರಕ್ಕೆ, ನ್ಯಾಯವಾದ ಬೆಲೆ ಬಂತು, ಮುಂದೆ ದೂರೂ ಬರಲಿಲ್ಲ. ಸಣ್ಣ ವಸ್ತುಗಳು ಮಾತ್ರ ವ್ಯವಹಾರದ ಹದ ಕೆಡಿಸಿದವು. ಪರದೆಯ ಸರಳಿನ ನೂರು ರೂಪಾಯಿಗೆ ಚೌಕಾಸಿ ಮಾಡಿ ಬೇಸತ್ತ ಕೊಳ್ಳುವವರು ಮನೆಯ ಬೆಲೆಯನ್ನೇ ಮತ್ತೆ ಎತ್ತಿದರು. ಅವರು ಸಾಲವಿಲ್ಲದೆ ಕೈಹಣದಿಂದ ಕೊಳ್ಳುವವರಾಗಿದ್ದರಿಂದ ಪಟ್ಟಿಯ ಹಣ ಹೊಂದಿಸುವುದು ಅವರಿಗೆ ಹೊರೆಯಾಗಲಿಲ್ಲ. ಸಾಲದಿಂದ ಕೊಳ್ಳುವವರಿಗೆ ಬ್ಯಾಂಕು ಮೇಜಿಗೆ, ಯುಪಿಎಸ್‌ಗೆ ಸಾಲ ಕೊಡುವುದಿಲ್ಲವಾದ್ದರಿಂದ ಇದೇ ಪಟ್ಟಿ ಭಾರವಾಗುತ್ತಿತ್ತು.

ಪ್ರತ್ಯೇಕ ಪಟ್ಟಿಯನ್ನು ನೋಂದಣಿಯ ಖರ್ಚು ಉಳಿಸುವ ಉಪಾಯವೆಂದು ಕೆಲವು ದಲ್ಲಾಳಿಗಳು ಹೇಳುವುದುಂಟು. ಸ್ಥಿರಾಸ್ತಿಯ ಮುದ್ರಾಂಕ ಶುಲ್ಕವನ್ನು ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕಡಿಮೆ ಮೌಲ್ಯದ ಮೇಲೆ ಕಟ್ಟಲು ಹೊರಟರೆ ಉಪನೋಂದಣಿ ಕಚೇರಿ ಸುಮ್ಮನೆ ಬಿಡುವುದಿಲ್ಲ, ಗೋಡೆಗೆ ಕೂಡಿಸಿದ ಕಪಾಟು, ಅಡುಗೆಮನೆಯ ಕಟ್ಟೆಯನ್ನು ಚರಾಸ್ತಿಯೆಂದು ಕರೆದ ಮಾತ್ರಕ್ಕೆ ಅದು ಚರಾಸ್ತಿಯಾಗುವುದೂ ಇಲ್ಲ. ನಿಜವಾಗಿ ಎತ್ತಿಕೊಂಡು ಹೋಗಬಹುದಾದ ವಸ್ತುವಿಗೆ ಮಾತ್ರ ರಸೀದಿ ಕೊಟ್ಟು ಹಣ ಪಡೆಯಬೇಕು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಾನು ಈಗ ಕೇಳಿದವರಿಗೆ ಹೇಳುವ ಕ್ರಮ ಹೀಗಿದೆ. ಕಿತ್ತರೆ ಗಾಯ ಉಳಿಯುವುದನ್ನು, ಅಂದರೆ ಹಂಡೆ, ಸೋಲಾರ್, ಅಳತೆಗೆ ಮಾಡಿಸಿದ ಅಡುಗೆಮನೆಯ ಕಪಾಟು, ಚಿಮಣಿ, ಸೊಳ್ಳೆ ಜಾಲರಿ ಮತ್ತು ಕೊಳವೆಬಾವಿಯ ಮೋಟಾರನ್ನು, ಮನೆಯ ಬೆಲೆಯೊಳಗೇ ಬಿಡಬೇಕು. ಗಾಯವಿಲ್ಲದೆ ಬರುವ, ಬೆಲೆಬಾಳುವ ನಾಲ್ಕಾರು ವಸ್ತುಗಳನ್ನು ಮಾತ್ರ ಪಟ್ಟಿಗೆ ಹಾಕಬೇಕು. ಸಾಲದಿಂದ ಕೊಳ್ಳುವವರು ಬಂದರೆ ಪಟ್ಟಿ ಇನ್ನೂ ಚಿಕ್ಕದಾಗಬೇಕು. ಸಾಧಾರಣ ಫ್ಯಾನುಗಳನ್ನು ಬಿಡುವುದು ಒಳ್ಳೆಯದು. ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಫ್ಯಾನು ಬೇಕೆನಿಸಿದರೆ, ಅಥವಾ ಅಜ್ಜಿಯ ಕಾಲದ ತೂಗುದೀಪವನ್ನು ಬಿಡಲು ಮನಸ್ಸಿಲ್ಲದಿದ್ದರೆ, ಮೊದಲ ಗಿರಾಕಿ ಮನೆ ನೋಡಲು ಬರುವ ಮುನ್ನವೇ ಅದನ್ನು ಇಳಿಸಿ, ಆ ಜಾಗಕ್ಕೆ ಅಗ್ಗದ್ದೊಂದನ್ನು ಹಾಕಿಬಿಡಬೇಕು. ಕಂಡದ್ದನ್ನು ಮಾತ್ರ ಜನ ಕೇಳುತ್ತಾರೆ. ದೇವರ ಮಂಟಪ ಗೋಡೆಗೆ ಕಟ್ಟಿದ್ದಾದರೆ ದೇವರನ್ನು ಒಯ್ದು ಮಂಟಪ ಬಿಡಬಹುದು. ಬಿಡಿಯಾದ ಮರದ ಮಂಟಪವಾದರೆ ಅದನ್ನು ಮಾರುವ ಮಾತೇ ನಮ್ಮಲ್ಲಿ ಏಳುವುದಿಲ್ಲ.

ಗ್ಯಾಸ್ ಸಿಲಿಂಡರನ್ನು ಮಾತ್ರ ಯಾವ ಪದ್ಧತಿಯಲ್ಲಿಯೂ ಬಿಡುವಂತಿಲ್ಲ. ಸಿಲಿಂಡರ್ ಮತ್ತು ರೆಗ್ಯುಲೇಟರ್ ಠೇವಣಿಯ ಮೇಲೆ ನಮ್ಮ ಹೆಸರಿಗೆ ಕೊಟ್ಟವು. ಅವನ್ನು ಏಜೆನ್ಸಿಗೆ ಹಿಂದಿರುಗಿಸಿ ಠೇವಣಿ ವಾಪಸು ಪಡೆಯಬೇಕು, ಇಲ್ಲವೇ ಹೊಸ ಊರಿಗೆ ವರ್ಗಾಯಿಸಿಕೊಳ್ಳಬೇಕು. ಮೆಸ್ಕಾಂ ಮೀಟರಿನ ಆರ್‌ಆರ್ ಸಂಖ್ಯೆ ಕೊಂಡವರ ಹೆಸರಿಗೆ ಬದಲಾಗುವವರೆಗೆ ಬಿಲ್ಲು ನಮ್ಮ ಹೆಸರಿನಲ್ಲೇ ಬರುತ್ತದೆ, ಆದ್ದರಿಂದ ಕೀಲಿಕೈ ಕೊಡುವ ದಿನದ ರೀಡಿಂಗನ್ನು ಬರೆದಿಟ್ಟುಕೊಳ್ಳಬೇಕು. ಅದೇ ದಿನ ಮೋಟಾರು ಹಾಕಿ ತೊಟ್ಟಿಗೆ ನೀರು ಬೀಳುವುದನ್ನು ತೋರಿಸಿ, ಮೇನ್ ಸ್ವಿಚ್ ಆರಿಸಿ ಯುಪಿಎಸ್ ಮೇಲೆ ದೀಪ ಉರಿಯುವುದನ್ನು ತೋರಿಸಿ, ಬಿಟ್ಟ ವಸ್ತುಗಳ ಹಾಳೆಯ ಎರಡು ಪ್ರತಿಗಳಿಗೂ ಇಬ್ಬರೂ ಸಹಿ ಹಾಕಿದರೆ ಒಪ್ಪಿಸುವ ಕೆಲಸ ಮುಗಿಯಿತು.