ಪರದೇಶದಲ್ಲಿ ಮೊದಲ ಕ್ರಿಸ್ಮಸ್: ಫಿಲಿಪ್ಪೀನ್ಸೋ, ಜರ್ಮನಿಯೋ?

1837ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ ಬಾಸೆಲ್ ಮಿಷನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆಯವರಿಗೆ ಡಿಸೆಂಬರಿನಲ್ಲಿ ಕಾಡಿರಬಹುದಾದ ಒಂಟಿತನವೇ, ಇಂದು ಹುಬ್ಬಳ್ಳಿ-ಧಾರವಾಡದಿಂದ ಸುವಾರ್ತಾ ಸೇವೆಗೆ, ಅಂದರೆ ಕ್ರಿಸ್ತನ ಸಂದೇಶ ಸಾರಲು, ಹೊರದೇಶಕ್ಕೆ ಹೊರಡುವ ಯುವಜನರಿಗೂ ಎದುರಾಗುತ್ತದೆ.

ಫಿಲಿಪ್ಪೀನ್ಸಿನಲ್ಲಿ ಹಬ್ಬದ ಸಡಗರ ಸೆಪ್ಟೆಂಬರಿನಲ್ಲೇ ಆರಂಭವಾಗುತ್ತದೆ. ನಮ್ಮ ದೀಪಾವಳಿಯ ಆಕಾಶಬುಟ್ಟಿಯನ್ನು ನೆನಪಿಸುವ ಪರೋಲ್ ಎಂಬ ನಕ್ಷತ್ರದೀಪಗಳು ಮನೆಮನೆಯಲ್ಲೂ ತೂಗುತ್ತವೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ನಸುಕಿನ ಪೂಜೆ ನಡೆದು, ಅದು ಮುಗಿದೊಡನೆ ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲಿನ ಬಿಬಿಂಗ್ಕಾ ಬಿಸಿಬಿಸಿಯಾಗಿ ಸಿಗುತ್ತದೆ. ಹೊಸಬರು ಜನರೊಂದಿಗೆ ಬೆರೆಯಲು ಇದಕ್ಕಿಂತ ಸುಲಭವಾದ ದಾರಿ ನನಗೆ ಕಾಣದು. ಸಮಯವೂ ಅನುಕೂಲಕರ: ಅಲ್ಲಿ ನಡುರಾತ್ರಿಯಾದಾಗ ಇಲ್ಲಿ ಒಂಬತ್ತೂವರೆ, ಮನೆಯವರೆಲ್ಲ ಎಚ್ಚರವಾಗಿರುವ ಹೊತ್ತು.

ಜರ್ಮನಿಯ ಹಬ್ಬ ಮೌನದ್ದು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ರವಿವಾರಗಳಲ್ಲಿ ಒಂದೊಂದೇ ಮೇಣದಬತ್ತಿ ಹಚ್ಚಿ ಕಾಯುವ ಕ್ರಮ ಪ್ರಾರ್ಥನೆಗೆ ನಿಜಕ್ಕೂ ಆಳ ಕೊಡುತ್ತದೆ. ಆದರೆ ಸಂಜೆ ನಾಲ್ಕರ ಸುಮಾರಿಗೆ ಕತ್ತಲಾಗುತ್ತದೆ. 24ರ ಮಧ್ಯಾಹ್ನ ಅಂಗಡಿಗಳು ಮುಚ್ಚಿದರೆ 25 ಮತ್ತು 26 ಎರಡೂ ರಜೆ, ಸಂಭ್ರಮವೆಲ್ಲ ಕುಟುಂಬದೊಳಗೆ. ಯಾರೂ ಕರೆಯದಿದ್ದರೆ ಆ ದಿನಗಳು ಬಹಳ ಭಾರವಾಗುತ್ತವೆ.

ಮೊದಲ ಸಲ ಮನೆ ಬಿಡುವವರು ಫಿಲಿಪ್ಪೀನ್ಸನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ಜರ್ಮನ್ ಭಾಷೆ ಬಲ್ಲವರು, ಏಕಾಂತವನ್ನು ಪ್ರೀತಿಸುವವರು ಜರ್ಮನಿಗೆ ಹೋಗಬಹುದು. 24ರ ಸಂಜೆ ಯಾವ ಮನೆಯಲ್ಲಿ ಊಟವೆಂಬುದನ್ನು ಮಾತ್ರ ಹೊರಡುವ ಮುನ್ನವೇ ಅಲ್ಲಿಯ ಚರ್ಚಿನ ಸಭೆಯವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.